ನಾಲೆ ಏರಿ ಮೇಲೆ ನಡೆದರೆ ಏದುಸಿರು ಬರಲ್ಲ

ಹೋದ ಸಂಚಿಕೆಯಲ್ಲಿ ಶ್ರೀರಂಗಪಟ್ಟಣದ ಸುತ್ತ ಕಾಲ್ನಡಿಗೆಯಲ್ಲಿ ಓಡಾಡುವುದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ಒಂದು ಮಾತು. ನಾನು ಇತಿಹಾಸದ ಮೇಷ್ಟ್ರಲ್ಲ. ನೀರಾವರಿ ಕೆಲಸದಲ್ಲಿ 31 ವರ್ಷ ನಾಲೆ ಏರಿ ಮೇಲೆ ನಡೆದು ಸಂಬಳ ತೆಗೆದುಕೊಂಡವನು. ಹಾಗಾಗಿ ಉತ್ತರಗಳಲ್ಲಿ ರಾಜರಿಗಿಂತ ನೀರೇ ಜಾಸ್ತಿ ಕಂಡರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 58 ವರ್ಷ, ಅಕ್ಕನಿಗೆ 63. ಇಬ್ಬರಿಗೂ ಮಂಡಿ ನೋವು. ಆದರೆ ಸಮ ನೆಲದಲ್ಲಿ ಎರಡು ಮೂರು ಗಂಟೆ ನಡೆಯುತ್ತೇವೆ. ಶ್ರೀರಂಗಪಟ್ಟಣವನ್ನು ಮೂರು ಸಲ ನೋಡಿದ್ದೇವೆ. ಮೂರು ಸಲವೂ ಬಸ್ಸಿಂದ ಇಳಿ, ಬಸ್ಸು ಹತ್ತು. ದರಿಯಾ ದೌಲತ್, ಗುಂಬಜ್, ಸಂಗಮ, ಊಟ, ಮುಗಿಯಿತು. ಬೆಟ್ಟ ಹತ್ತದೆ, ನಿಧಾನಕ್ಕೆ ನಡೆದು ನೋಡುವಂಥ ದಾರಿ ಇದೆಯಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ ತಾಯಿ. ನಿಮ್ಮಂಥವರಿಗಾಗಿಯೇ ಮುನ್ನೂರು ವರ್ಷದ ಹಿಂದೆ ಮಾಡಿಟ್ಟ ಹಾಗಿದೆ.

ನಾಲೆ ಎಂದರೇನು ಅಂತ ಸ್ವಲ್ಪ ಯೋಚಿಸಿ. ನೀರು ತಾನಾಗಿ ಹರಿಯಬೇಕು, ಆದರೆ ಓಡಬಾರದು. ಓಡಿದರೆ ಮಣ್ಣು ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಹಳೆಯವರು ನೆಲದ ಮಟ್ಟ ಹಿಡಿದು, ದಿಣ್ಣೆ ಬಂದರೆ ಬಳಸಿಕೊಂಡು, ಹಳ್ಳ ಬಂದರೆ ಒಳಕ್ಕೆ ತಿರುಗಿ ನಾಲೆ ತೋಡಿದರು. ಒಂದು ಕಿಲೋಮೀಟರ್ ನಡೆದರೆ ಒಂದು ಗೇಣು ಇಳಿಯಬಹುದು, ಹೆಚ್ಚೆಂದರೆ ಒಂದು ಮೊಳ. ನಿಮ್ಮ ಮಂಡಿಗೆ ಅದು ಗೊತ್ತೇ ಆಗಲ್ಲ. ಪಕ್ಕದ ಏರಿಯೂ ನಾಲೆಯ ಹಾಗೇ ಸಮನಾಗಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಜೊತೆಗಿದ್ದ, ಗದ್ದೆಗಳಿಗೆ ನೀರು ಹಂಚುವ ಮುದುಕ ನೀರುಗಂಟಿಗೆ ಎಪ್ಪತ್ತರ ಹತ್ತಿರ ವಯಸ್ಸು. ದಿನಾ ಏರಿ ಮೇಲೆ ಹೋಗಿ ಬರುತ್ತಿದ್ದ. ಒಂದು ದಿನವೂ ಏದುಸಿರು ಬಿಟ್ಟಿದ್ದು ಕಾಣೆ. ಬೀಡಿ ಸೇದುತ್ತಿದ್ದ ಬೇರೆ!

ಮೊದಲ ದಿನ ದ್ವೀಪದಲ್ಲೇ ನಡೆಯಿರಿ. ಕಾವೇರಿ ಇಲ್ಲಿ ಎರಡು ಕವಲಾಗಿ ಊರನ್ನು ಬಳಸಿಕೊಂಡು ಹೋಗಿ ಸಂಗಮದಲ್ಲಿ ಮತ್ತೆ ಕೂಡುತ್ತದೆ. ನಡುವೆ ಇರುವ ದ್ವೀಪ ಉದ್ದಕ್ಕೆ ಸುಮಾರು ಐದು ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರಿನ ಆಸುಪಾಸು. ರೈಲಿನಲ್ಲಿ ಬನ್ನಿ. ಸ್ಟೇಷನ್ನು ಕೋಟೆಗೇ ಅಂಟಿಕೊಂಡಿದೆ, ಹಳಿ ಕೋಟೆಯೊಳಗೇ ಹಾದುಹೋಗುತ್ತದೆ. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂದಿತ್ತು. ಅದನ್ನು ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನೇ ಬುಡದಿಂದ ಎತ್ತಿ ಪಕ್ಕಕ್ಕೆ ಸರಿಸಿದರು. ಸ್ಟೇಷನ್ನಿನ ಹತ್ತಿರವೇ ಇದೆ, ನೋಡಿ.

ಅಲ್ಲಿಂದ ಕೋಟೆಯ ಪಡುವಣ ಮೂಲೆಗೆ ಹೋಗಿ. 1907ರಲ್ಲಿ ನಿಲ್ಲಿಸಿದ ಕಲ್ಲಿನ ಸ್ಮಾರಕ ಕಂಬ ಅಲ್ಲಿದೆ. ಬಸ್ಸಿನವರು ಅಲ್ಲಿಗೆ ಕರೆದುಕೊಂಡು ಹೋಗುವುದು ಕಡಿಮೆ. ಕಂಬ ನೋಡಿ ವಾಪಸ್ ಬರಬೇಡಿ. ಹೊಳೆ ಕಡೆ ಮುಖ ಮಾಡಿ ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ. ಬೇಸಿಗೆಯಲ್ಲಿ ಹೋದರೆ ಬಂಡೆಗಳೇ ಎದ್ದು ಕಾಣುತ್ತವೆ, ನೀರು ಸಂದಿಯಲ್ಲಿ ಹರಿಯುತ್ತಿರುತ್ತದೆ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಕೋಟೆಗೆ ನುಗ್ಗಿದ್ದು ಈ ಕಡೆಯಿಂದಲೇ. ಮಟಮಟ ಮಧ್ಯಾಹ್ನ, ಹೊಳೆಯಲ್ಲಿ ಇಳಿದು ದಾಟಿ ಬಂದರು. ನೀರಿನ ಕೆಲಸ ಮಾಡಿದವನಿಗೆ ಕಾಣುವುದು ತಾರೀಖು. ಮೇ ಮೊದಲ ವಾರ. ಇನ್ನೊಂದು ತಿಂಗಳು ಕಳೆದು ಕೊಡಗಿನಲ್ಲಿ ಮಳೆ ಹಿಡಿದಿದ್ದರೆ ಆ ಹೊಳೆಗೆ ಯಾರೂ ಕಾಲಿಡುತ್ತಿರಲಿಲ್ಲ. ಅದಕ್ಕೂ ಎಂಟು ವರ್ಷ ಮೊದಲು, 1791ರ ಮೇ ತಿಂಗಳಲ್ಲಿ, ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಇಲ್ಲೇ ಕೆಳಗಿನ ಅರಕೆರೆವರೆಗೂ ಬಂದಿದ್ದ. ಮಳೆ, ಹೊಳೆ, ದನಕರುಗಳ ಸಾವು, ಸೈನ್ಯಕ್ಕೆ ಅನ್ನವಿಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಹಿಂದಿರುಗಿದ. ಈ ಊರಿನ ಮೊದಲ ಕೋಟೆ ಕಾವೇರಿ, ಕಲ್ಲಿನದು ಎರಡನೆಯದು.

ಆಮೇಲೆ ಬಡಗಣ ಗೋಡೆ ಹಿಡಿದು ಬನ್ನಿ. ಬೈಲಿಯ ಬಂದೀಖಾನೆ, ರಂಗನಾಥಸ್ವಾಮಿ ಗುಡಿ ನಿಮಗೆ ಗೊತ್ತೇ ಇದೆ. ಬೆಂಗಳೂರು ಬಾಗಿಲು ದಾಟಿ ಮೂಡಲಿಗೆ ನಡೆದರೆ ದರಿಯಾ ದೌಲತ್, ಗಂಜಾಂ, ಗುಂಬಜ್, ಕೊನೆಗೆ ಸಂಗಮ. ಈ ಅರ್ಧದಲ್ಲಿ ರಸ್ತೆಯೇ ದಾರಿ. ಆಟೋ, ಟೆಂಪೋ ಕಾಟ ಇದೆ. ವಾಹನ ಕಮ್ಮಿ ಇರುವ ಹೊತ್ತಿನಲ್ಲಿ ನಡೆದರೆ ಚೆನ್ನ.

ಎರಡನೇ ದಿನ ನಾಲೆ. ಕೆಆರ್‌ಎಸ್ ಕಡೆ ಹೋಗುವ ಬಸ್ಸು ಹತ್ತಿ, ಬಲಮುರಿಗೆ ಹೋಗಿ. ಹೊಳೆಗೆ ಅಡ್ಡ ಕಟ್ಟಿದ ಹಳೇ ಅಣೆಯ ಮೇಲಿಂದ ನೀರು ಪಂಚೆ ಹರವಿದ ಹಾಗೆ ಇಳಿಯುತ್ತಿರುತ್ತದೆ. ವಿರಿಜಾ ನಾಲೆ ಹೊರಡುವುದು ಅಲ್ಲಿಂದ. ಅದರ ಏರಿ ಹಿಡಿದು ಬೆಳಗೊಳ, ಪಾಲಹಳ್ಳಿ ಕಡೆಗೆ ನೀರಿನ ಜೊತೆಯಲ್ಲೇ ನಡೆಯುತ್ತಾ ಬನ್ನಿ. ಪೂರ್ತಿ ನಡೆಯಬೇಕೆಂದಿಲ್ಲ. ಸಾಕಾದ ಕಡೆ ಊರೊಳಗೆ ತಿರುಗಿದರೆ ಬಸ್ಸು ಸಿಗುತ್ತದೆ.

ಅಲ್ಲಿ ನಡೆಯುವಾಗ ಒಂದು ವಿಷಯ ಗಮನಿಸಿ. ನಾಲೆಯ ಒಂದು ಪಕ್ಕ ಗದ್ದೆ, ಕಬ್ಬು, ತೆಂಗು. ಇನ್ನೊಂದು ಪಕ್ಕ ದಿಣ್ಣೆ, ಅಲ್ಲಿ ಹೊಲ, ರಾಗಿ, ಹುರುಳಿ. ನಾಲೆಯ ಮಟ್ಟಕ್ಕಿಂತ ಒಂದಡಿ ಕೆಳಗಿದ್ದರೆ ಭತ್ತ, ಒಂದಡಿ ಮೇಲಿದ್ದರೆ ರಾಗಿ. ಈಗ ಬೋರ್‌ವೆಲ್ ಬಂದು ಆ ಗೆರೆ ಅಲ್ಲಲ್ಲಿ ಅಳಿಸಿದೆ. ಆದರೂ ಕಣ್ಣಿಗೆ ಕಾಣುತ್ತದೆ. ಹೆಣ್ಣು ಕೊಡುವಾಗ ಹುಡುಗನ ಜಮೀನು ನಾಲೆಯಿಂದ ಮೇಲೋ ಕೆಳಗೋ ಎಂದು ಕೇಳುತ್ತಿದ್ದ ಕಾಲ ಇತ್ತು.

ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬುಗಳನ್ನೂ ನೋಡಿ. ಕಡತದಲ್ಲಿ ಅವಕ್ಕೆ ನಂಬರ್ ಇರುತ್ತದೆ. ಊರಿನವರಿಗೆ ಅದು ಹುಣಸೇಮರದ ತೂಬು, ಮಾರಮ್ಮನ ತೂಬು. ಮರ ಕಡಿದು ಇಪ್ಪತ್ತು ವರ್ಷವಾಗಿದ್ದರೂ ಹೆಸರು ಹುಣಸೇಮರದ್ದೇ. ನಾನು ಹೇಳಿದ ಆ ನೀರುಗಂಟಿ ಕತ್ತಲಲ್ಲಿ ತೂಬಿನ ಸದ್ದು ಕೇಳಿಯೇ ಹಲಗೆ ಎಷ್ಟು ಎತ್ತಿದ್ದಾರೆ ಎಂದು ಹೇಳುತ್ತಿದ್ದ. "ಯಾರೋ ನಾಕು ಬೆಳ್ಳು ಜಾಸ್ತಿ ಎತ್ತವ್ರೆ ಸಾ" ಅನ್ನುತ್ತಿದ್ದ. ಟಾರ್ಚ್ ಹಾಕಿ ನೋಡಿದರೆ ನಾಲ್ಕೇ ಬೆರಳು. ನೀವು ನಿಂತು ಕೇಳಿ. ಕಡಿಮೆ ತೆರೆದಿದ್ದರೆ ಸೀಟಿ ಹೊಡೆದ ಹಾಗೆ ಸಣ್ಣ ಸದ್ದು. ಪೂರ್ತಿ ತೆರೆದರೆ ಗೊಳಗೊಳ ಅನ್ನುತ್ತದೆ.

ಒಂದು ಎಚ್ಚರಿಕೆ. ಈಗ ಬಹಳ ಕಡೆ ನಾಲೆಗೆ ಕಾಂಕ್ರೀಟ್ ಹಾಕಿದ್ದಾರೆ. ನೀರು ಸೋರುವುದು ಕಮ್ಮಿಯಾಗಿದೆ ನಿಜ. ಆದರೆ ಇಳಿಜಾರಿನಲ್ಲಿ ಪಾಚಿ ಕಟ್ಟಿ ಸಾಬೂನಿನ ಹಾಗೆ ಆಗಿರುತ್ತದೆ. ಜಾರಿದರೆ ಈಜು ಬರುವವರಿಗೂ ಹಿಡಿದು ಹತ್ತಲು ಏನೂ ಸಿಗಲ್ಲ. ಮೊದಲು ಮಣ್ಣಿನ ದಡದಲ್ಲಿ ಹುಲ್ಲೋ ಬೇರೋ ಸಿಗುತ್ತಿತ್ತು. ಕಾಲು ತೊಳೆಯಬೇಕೆಂದರೆ ಬಟ್ಟೆ ಒಗೆಯುವ ಮೆಟ್ಟಿಲು ಇರುವ ಕಡೆ ಮಾತ್ರ ಇಳಿಯಿರಿ. ಬಲಮುರಿಯಲ್ಲಿ ಅಣೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗಲೇಬೇಡಿ.

ಪ್ರಶ್ನೆ: ಸ್ವಾಮಿ, ನಿಮ್ಮ ಮಾತು ನಂಬಿ ಹೋಗಿ ಬೈಸಿಕೊಂಡು ಬಂದೆವು. ಏರಿಯಿಂದ ಇಳಿದು ಗದ್ದೆ ಬದುವಿನ ಮೇಲೆ ನಾಲ್ಕು ಜನ ನಡೆದು ಹೋಗುತ್ತಿದ್ದೆವು. ಒಬ್ಬ ರೈತ ಗುದ್ದಲಿ ಹಿಡಿದು ಕೂಗಾಡಿಬಿಟ್ಟ. ನಡೆದರೆ ಏನು ಸವೆದು ಹೋಗುತ್ತದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಸವೆದು ಹೋಗುತ್ತದೆ ಸ್ವಾಮಿ, ನಿಜವಾಗಿಯೂ! ನೀವು ಹೋಗಿದ್ದು ಆಗಸ್ಟ್‌ನಲ್ಲಿ ಎಂದು ಪತ್ರದಲ್ಲೇ ಬರೆದಿದ್ದೀರಿ. ಅದು ನಾಟಿ ಕಾಲ. ನಾಟಿಗೆ ಮೊದಲು ಬದುವಿನ ಹಳೇ ಹುಲ್ಲು ಕೆತ್ತಿ, ಗದ್ದೆಯ ಕೆಸರನ್ನೇ ಗುದ್ದಲಿಯಲ್ಲಿ ಎತ್ತಿ ಹಾಕಿ, ಗುದ್ದಲಿ ಬೆನ್ನಿನಿಂದ ಸವರುತ್ತಾರೆ. ಗೋಡೆಗೆ ಗಾರೆ ಮಾಡಿದ ಹಾಗೆ ನುಣ್ಣಗೆ. ಏಡಿ ತೋಡಿದ ತೂತು ಮುಚ್ಚಿ ನೀರು ನಿಲ್ಲಬೇಕಲ್ಲ, ಅದಕ್ಕೆ. ಅದು ಒಣಗಲು ಕೆಲವು ದಿನ ಬೇಕು. ಅಷ್ಟರೊಳಗೆ ನಾಲ್ಕು ಜನ ಬೂಟು ಹಾಕಿ ನಡೆದರೆ ಎಂಟು ಕಾಲಿನ ಗುಂಡಿ. ಗುಂಡಿಯಲ್ಲಿ ನೀರು ನುಗ್ಗಿ ರಾತ್ರೋರಾತ್ರಿ ಬದು ಒಡೆದರೆ, ಹಾಕಿದ ಗೊಬ್ಬರವೆಲ್ಲ ಪಕ್ಕದವನ ಗದ್ದೆಗೆ.

ನನಗೂ ಆಗಿದೆ ಬಿಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೊಸ ಪ್ಯಾಂಟು. ಅಂಥದೇ ಹಸಿ ಬದುವಿನ ಮೇಲೆ ಸಾಹೇಬನ ಹಾಗೆ ಹೆಜ್ಜೆ ಹಾಕಿದೆ. ಮೂರನೇ ಹೆಜ್ಜೆಗೆ ಸೊಂಟದವರೆಗೂ ಕೆಸರು. ನಾಟಿ ಹಾಕುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಬೈಯುವುದಕ್ಕಿಂತ ಅದು ಕಷ್ಟ.

ನಿಯಮ ಬಹಳ ಸುಲಭ. ಏರಿ, ಬಂಡಿ ಜಾಡು ಎಲ್ಲರದು. ಬದು ಅವರದು. ಬದುವಿನ ಮೇಲೆ ಹೋಗಲೇಬೇಕೆಂದರೆ ಹತ್ತಿರ ಇರುವವರನ್ನು "ಯಜಮಾನ್ರೇ, ಈ ಕಡೆ ಹೋಗಬಹುದಾ?" ಎಂದು ಕೇಳಿ. ಬೇಡ ಅನ್ನುವವರು ಕಮ್ಮಿ. ಒಬ್ಬರ ಹಿಂದೆ ಒಬ್ಬರು, ಚಪ್ಪಲಿ ಕೈಯಲ್ಲಿ. ಕಬ್ಬಿನ ಗದ್ದೆಯಿಂದ ಒಂದು ಜಲ್ಲೆ ಮುರಿದುಕೊಳ್ಳುವುದು ತಮಾಷೆ ಅಂದುಕೊಂಡವರಿದ್ದಾರೆ. ಆಲೆಮನೆಯಲ್ಲಿ ಕೇಳಿದರೆ ಒಂದು ಲೋಟ ಕಬ್ಬಿನ ಹಾಲು ಪ್ರೀತಿಯಿಂದ ಕೊಡುತ್ತಾರೆ, ಕದಿಯುವುದು ಯಾಕೆ?

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಹೊಳೆಯ ಮೇಲೆ ನಾಲೆ ಹರಿಯುತ್ತದೆ ಅಂತ ನಮ್ಮ ತಾತ ಹೇಳುತ್ತಾರೆ. ನೀರಿನ ಮೇಲೆ ನೀರು ಹೇಗೆ ಹರಿಯುತ್ತದೆ? ನಾನು ಏಳನೇ ಕ್ಲಾಸು.
— ಓದುವ ಮಗು, ಹಾಸನ

ಉತ್ತರ: ತಾತ ಹೇಳಿದ್ದು ನಿಜ ಕಣಪ್ಪ. ಅದರ ಹೆಸರು ಬಂಗಾರದೊಡ್ಡಿ ನಾಲೆ. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ್ದು. ತನ್ನ ಇಷ್ಟದ ಹೆಣ್ಣಿಗಾಗಿ ಕಟ್ಟಿಸಿದ ಎಂಬ ಕತೆಯೂ ಇದೆ. ಅದನ್ನು ತಾತನ ಹತ್ತಿರವೇ ಕೇಳು.

ಹೇಗೆ ಅಂತ ನೀನೇ ಮಾಡಿ ನೋಡಬಹುದು. ಮಳೆ ಬಂದಾಗ ಅಂಗಳದಲ್ಲಿ ಇಳಿಜಾರಾಗಿ ಹರಿಯುವ ನೀರು ಇರುತ್ತದಲ್ಲ, ಅದು ಹೊಳೆ ಅಂದುಕೋ. ಮೇಲ್ಗಡೆ ಒಂದು ಕಡೆ ಮಣ್ಣು ಅಡ್ಡ ಹಾಕಿ ನೀರು ತಡೆ. ಅಲ್ಲಿಂದ ಪಕ್ಕಕ್ಕೆ ಒಂದು ಸಣ್ಣ ಕಾಲುವೆ ತೋಡು. ಹೊಳೆ ಬೇಗ ಬೇಗ ಇಳಿಯುತ್ತದೆ, ನಿನ್ನ ಕಾಲುವೆ ನಿಧಾನಕ್ಕೆ ಇಳಿಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಕಾಲುವೆ ಮೇಲಿದೆ, ಹೊಳೆ ಕೆಳಗಿದೆ! ಈಗ ಒಂದು ಅಡಿಕೆ ಹಾಳೆಯನ್ನು ಹೊಳೆಯ ಮೇಲೆ ಅಡ್ಡ ಇಟ್ಟರೆ ಕಾಲುವೆ ನೀರು ಆ ದಡಕ್ಕೆ ಹೋಗುತ್ತದೆ. ಅವರು ಹಾಳೆಯ ಬದಲು ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ದೋಣಿ ಕಟ್ಟಿದರು. ಸುತ್ತ ಹೊಳೆ ಇದ್ದರೂ ದ್ವೀಪ ಎತ್ತರದಲ್ಲಿದೆಯಲ್ಲ, ಹೊಳೆ ನೀರು ತಾನಾಗಿ ತೋಟಕ್ಕೆ ಹತ್ತುವುದಿಲ್ಲ. ನಾಲೆ ಆ ಕೆಲಸ ಮಾಡಿತು. ಪಂಪು ಇಲ್ಲ, ಕರೆಂಟು ಇಲ್ಲ.

ಹೀಗೆ ಹೊಳೆಗೆ ಅಣೆ ಕಟ್ಟಿ ನೀರು ನಿಂತ ಮೇಲೆ ತಲೆ ಎತ್ತಿದ ತಿಟ್ಟುಗಳೇ ರಂಗನತಿಟ್ಟು. ಹಕ್ಕಿಗಳಿಗೆ ಯಾರೂ ಕಟ್ಟಿಸಿಕೊಟ್ಟದ್ದಲ್ಲ. ನೋಡಲು ಬಂದರೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ನನಗೆ ಕಳಿಸು.

ಪ್ರಶ್ನೆ: ರಂಗನತಿಟ್ಟಿಗೆ ಪಟ್ಟಣದಿಂದ ನಡೆದೇ ಹೋಗಬಹುದೇ?
— ತುಮಕೂರು

ಉತ್ತರ: ಹೋಗಬಹುದು, ಮೂರು ನಾಲ್ಕು ಕಿಲೋಮೀಟರ್. ಆದರೆ ಮುಖ್ಯ ರಸ್ತೆಯಲ್ಲಿ ನಡೆಯುವುದರಲ್ಲಿ ಸುಖ ಇಲ್ಲ. ಆಟೋದಲ್ಲಿ ಹೋಗಿ, ಒಳಗೆ ಹೊಳೆ ದಡದಲ್ಲಿ ಎಷ್ಟು ಬೇಕೋ ಅಷ್ಟು ನಡೆಯಿರಿ. 1940ರಿಂದಲೂ ಅದು ಪಕ್ಷಿಧಾಮ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಒಡೆಯರು ಮಾಡಿದ್ದು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕಿನವು, ಎಲ್ಲ ಸಿಗುತ್ತವೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿರುವುದು ಗೊಂಬೆಯಲ್ಲ, ಮೊಸಳೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ವಿಚಾರಿಸಿ.

ಪ್ರಶ್ನೆ: ನಾವು ಕಾಲೇಜು ಹುಡುಗರು. ಸಮ ನೆಲದ ನಡಿಗೆ ನಮಗೆ ಬೋರು. ಸ್ವಲ್ಪವಾದರೂ ಹತ್ತುವಂಥದು ಹೇಳಿ ಸರ್.
— ಮಂಡ್ಯ

ಉತ್ತರ: ಬೋರಾ? ಆಗಲಿ. ಕರಿಘಟ್ಟ ಇದೆಯಲ್ಲ. ಸುಮಾರು 450 ಮೆಟ್ಟಿಲು, ನಿಮಗೆ ಇಪ್ಪತ್ತು ನಿಮಿಷದ ಕೆಲಸ. ಮೇಲೆ ಶ್ರೀನಿವಾಸನ ಗುಡಿ. ಬುಡದಲ್ಲಿ ಲೋಕಪಾವನಿ ಹರಿದು ಕಾವೇರಿಗೆ ಸೇರುತ್ತಾಳೆ. ಪಟ್ಟಣದಿಂದಲೇ ನಡೆದು ಹೋಗಿ. ಹೊಳೆಯ ಬಡಗಣ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಇದೆ. ಕಮಾನು ಇಲ್ಲ. ಬರೀ ಕಲ್ಲುಕಂಬ, ಅದರ ಮೇಲೆ ಕಲ್ಲಿನ ತೊಲೆ, ಚಪ್ಪಡಿ. ಎಷ್ಟು ಪ್ರವಾಹ ಅದರ ಮೇಲೆ ಹೋಗಿದೆಯೋ! ಸೇತುವೆಯನ್ನು ಹತ್ತಿರದಿಂದ ನೋಡಿ, ಆಮೇಲೆ ಬೆಟ್ಟದ ದಾರಿ ಹಿಡಿಯಿರಿ.

ಸಾಯಂಕಾಲಕ್ಕಿಂತ ಬೆಳಿಗ್ಗೆ ಒಳ್ಳೆಯದು. ನವೆಂಬರ್‌ನಲ್ಲಿ ಆರೂವರೆಗೆ ಮೇಲೆ ಇದ್ದರೆ ಹೊಳೆಯ ಎರಡೂ ಕವಲಿನ ಮೇಲೆ ಮಂಜು ಮಲಗಿರುತ್ತದೆ. ನಡುವೆ ದ್ವೀಪ, ನೀರಿಗೆ ಬಿದ್ದ ಎಮ್ಮೆಯ ಬೆನ್ನಿನ ಹಾಗೆ. ಗುಡಿ ಗೋಪುರ, ಮಸೀದಿಯ ಎರಡು ಮಿನಾರು ಮಾತ್ರ ಮೇಲೆ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್‌ನ ದಂಡು ದಾಳಿ ಮಾಡಿದಾಗ ಈ ಬೆಟ್ಟವನ್ನೂ ಹಿಡಿದುಕೊಂಡಿತು. ಮೇಲೆ ನಿಂತರೆ ಯಾಕೆ ಬೇಕಿತ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಒಣಗಿ ಕಾಗದದ ಹಾಗಿರುತ್ತದೆ. ಬೆಂಕಿಪೊಟ್ಟಣ ಕೆಳಗೇ ಬಿಟ್ಟು ಹೋಗಿ. ಸಿಗರೇಟು ಸೇದಲ್ಲ ಅಂತ ನೀವು ಹೇಳುತ್ತೀರಿ, ನಾನೂ ಕಾಲೇಜಿನಲ್ಲಿ ಹಾಗೇ ಹೇಳುತ್ತಿದ್ದೆ.

ಪ್ರಶ್ನೆ: ಯಾವ ತಿಂಗಳು ಬರಬೇಕು? ಏನೇನು ತರಬೇಕು?
— ಹುಬ್ಬಳ್ಳಿಯಿಂದ ಇಬ್ಬರು, ಧಾರವಾಡದಿಂದ ಒಬ್ಬರು

ಉತ್ತರ: ಅಕ್ಟೋಬರ್‌ನಿಂದ ಸಂಕ್ರಾಂತಿವರೆಗೆ. ಅಕ್ಟೋಬರ್‌ನಲ್ಲಿ ನಾಲೆ ತುಂಬ ನೀರು, ಗದ್ದೆ ಹಸಿರು. ದಸರಾ ಹೊತ್ತಿಗೆ ಬಂದರೆ ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಹೊರಡುತ್ತದೆ. ಮೈಸೂರಿನದಕ್ಕಿಂತ ಚಿಕ್ಕದು, ಆದರೆ ಒಡೆಯರ ದಸರಾ 1610ರಲ್ಲಿ ಶುರುವಾಗಿದ್ದೇ ಈ ಪಟ್ಟಣದಲ್ಲಿ. ಡಿಸೆಂಬರ್‌ನಲ್ಲಿ ಕೊಯ್ಲು, ಹುಲ್ಲಿನ ವಾಸನೆ, ಆಲೆಮನೆ ಹೊಗೆ. ಸಂಕ್ರಾಂತಿ ದಿನ ಸಂಜೆ ಯಾವುದಾದರೂ ಹಳ್ಳಿಯಲ್ಲಿ ಉಳಿದರೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಬಹುದು. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಬರೀ ಹೂಳು, ಪ್ಲಾಸ್ಟಿಕ್ಕು, ಜೆಸಿಬಿ. ನೋಡಿ ಬೇಜಾರಾಗುತ್ತದೆ.

ತರುವುದು ಜಾಸ್ತಿ ಏನಿಲ್ಲ. ಕುಡಿಯುವ ನೀರು, ಟೋಪಿ, ಒಂದು ಟವಲು. ಒಂದು ಕೋಲು ಇರಲಿ. ಏರಿ ಹುಲ್ಲಿನಲ್ಲಿ ಹಾವು ಇರುತ್ತವೆ, ಮುಂದೆ ತಟ್ಟುತ್ತಾ ಹೋದರೆ ತಾವೇ ಸರಿದುಕೊಳ್ಳುತ್ತವೆ. ಊರ ನಾಯಿಗೂ ಕೋಲು ಕಂಡರೆ ಮರ್ಯಾದೆ. ಹೊಸ ಬೂಟು ಬೇಡ, ಹವಾಯಿ ಚಪ್ಪಲಿಯೂ ಬೇಡ. ರೈಲಿನಲ್ಲಿ ಮದ್ದೂರು ವಡೆ ಬಂದಾಗ ಎರಡು ಜಾಸ್ತಿ ತೆಗೆದುಕೊಂಡು ಪೊಟ್ಟಣ ಕಟ್ಟಿಸಿಕೊಳ್ಳಿ. ಹತ್ತು ಗಂಟೆ ಹೊತ್ತಿಗೆ ಹೊಂಗೆ ಮರದ ನೆರಳಲ್ಲಿ, ತೂಬಿನ ಕಟ್ಟೆ ಮೇಲೆ ಕೂತಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಪ್ರಶ್ನೆ: ನಿಮ್ಮ ಜೊತೆ ನಡೆಯಬಹುದಾ?
— ಏಳು ಪತ್ರಗಳಲ್ಲಿ ಇದೇ ಪ್ರಶ್ನೆ

ಉತ್ತರ: ಬನ್ನಿ, ಆದರೆ ನಾನು ಬಹಳ ನಿಧಾನ. ಪ್ರತಿ ತೂಬಿಗೂ ನಿಲ್ಲುತ್ತೇನೆ. ಹೋದ ವಾರ ಜೊತೆಗೆ ಬಂದಿದ್ದ ಮೊಮ್ಮಗ ಫೋನಿನಲ್ಲಿ ಲೆಕ್ಕ ಹಾಕಿ, "ತಾತ, ಎರಡು ಗಂಟೆಗೆ ಮೂರೇ ಕಿಲೋಮೀಟರು" ಅಂದ. ಅದರಲ್ಲಿ ಮುಕ್ಕಾಲು ಗಂಟೆ ನಾಲೆ ನೋಡಿಕೊಳ್ಳುವ ಒಬ್ಬ ಸೌಡಿಯ ಜೊತೆ ಗೇಟಿನ ಗ್ರೀಸಿನ ಬಗ್ಗೆ ಮಾತಾಡಿದ್ದು.